ಲಾಟರಿಯಲ್ಲಿ ಚಾರ್ಟರ್ ಸೀಟು ಬಂದಿದೆ, ಮಗಳನ್ನು ಕಳಿಸೋದಾ ಬೇಡವಾ?

ಪ್ರಶ್ನೆ: ನಾವು ಹಾಸನದವರು. ಮೂರು ವರ್ಷದಿಂದ ಅಮೆರಿಕದ ಅರಿಜೋನಾದಲ್ಲಿ, ಚಾಂಡ್ಲರ್ ಊರಿನಲ್ಲಿ ಇದ್ದೇವೆ. ಮಗಳು ನಾಲ್ಕನೇ ತರಗತಿ, ಮನೆ ಹತ್ತಿರದ ಡಿಸ್ಟ್ರಿಕ್ಟ್ ಶಾಲೆಗೆ (ಊರಿನ ಸ್ಕೂಲ್ ಬೋರ್ಡ್ ನಡೆಸುವ ಮಾಮೂಲಿ ಸರ್ಕಾರಿ ಶಾಲೆ) ಹೋಗುತ್ತಾಳೆ, ಖುಷಿಯಾಗಿಯೇ ಇದ್ದಾಳೆ. ಮುಂದಿನ ವರ್ಷಕ್ಕೆ ಒಂದು ಹೆಸರಾದ ಚಾರ್ಟರ್ ಶಾಲೆಗೆ ಅರ್ಜಿ ಹಾಕಿದ್ದೆವು, ಲಾಟರಿಯಲ್ಲಿ ಸೀಟು ಬಂದುಬಿಟ್ಟಿದೆ. ಒಂದು ವಾರದಲ್ಲಿ ಹೌದು ಅಥವಾ ಇಲ್ಲ ಹೇಳಬೇಕು. ಇಲ್ಲಿನ ಕನ್ನಡದ ಗೆಳತಿಯರೆಲ್ಲ ‘ಸಿಕ್ಕ ಸೀಟು ಬಿಡ್ತಾರಾ’ ಅನ್ನುತ್ತಿದ್ದಾರೆ. ಪಕ್ಕದ ಮನೆಯಲ್ಲಿ ನಿವೃತ್ತ ಟೀಚರ್ ಒಬ್ಬರಿದ್ದಾರೆ. ಅವರು ಮಾತ್ರ ‘ನಿಮ್ಮಂಥವರು ಹೋದರೆ ನಮ್ಮ ಶಾಲೆಯ ದುಡ್ಡೂ ಹೋಗುತ್ತೆ’ ಅಂತ ಬೇಸರ ಮಾಡಿಕೊಂಡರು. ಊರಿನಲ್ಲಿ ಮೇಷ್ಟ್ರಾಗಿದ್ದ ನಮ್ಮ ಮಾವ ಫೋನಿನಲ್ಲಿ ‘ಅದೇನು ಸರ್ಕಾರಿನಾ, ಪ್ರೈವೇಟಾ, ಅನುದಾನಿತವಾ?’ ಅಂತ ಕೇಳಿದರು, ನನಗೆ ಹೇಳಲು ಬರಲಿಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ಮಾವನವರ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಅವರು ಸರಿಯಾದ ಜಾಗಕ್ಕೇ ಕೈ ಹಾಕಿದ್ದಾರೆ. ನಾನು ಓದಿದ್ದು ತಿಪಟೂರು ಕಡೆಯ ಒಂದು ಅನುದಾನಿತ ಹೈಸ್ಕೂಲಿನಲ್ಲಿ. ಆಮೇಲೆ ಫೀನಿಕ್ಸ್ ಸುತ್ತಮುತ್ತ ಹದಿನಾಲ್ಕು ವರ್ಷ ಗಣಿತ ಪಾಠ ಮಾಡಿದೆ. ಒಂಬತ್ತು ವರ್ಷ ಡಿಸ್ಟ್ರಿಕ್ಟ್ ಶಾಲೆಯಲ್ಲಿ, ಐದು ವರ್ಷ ಚಾರ್ಟರ್‌ನಲ್ಲಿ. ಹಾಗಾಗಿ ಮೂರನ್ನೂ ಒಳಗೆ ನಿಂತು ನೋಡಿದ್ದೇನೆ.

ಚಾರ್ಟರ್ ಶಾಲೆ ನಡೆಯುವುದು ಸರ್ಕಾರದ ದುಡ್ಡಿನಲ್ಲಿ. ಫೀಸ್ ತಗೊಳ್ಳುವ ಹಾಗಿಲ್ಲ. ಪ್ರವೇಶ ಪರೀಕ್ಷೆ ಇಟ್ಟು ಮಕ್ಕಳನ್ನು ಆರಿಸುವ ಹಾಗಿಲ್ಲ. ಸೀಟಿಗಿಂತ ಅರ್ಜಿ ಜಾಸ್ತಿ ಬಂದರೆ ಲಾಟರಿ ಎತ್ತುತ್ತಾರೆ, ಅಕ್ಕ ಅಥವಾ ಅಣ್ಣ ಆಗಲೇ ಅಲ್ಲಿ ಓದುತ್ತಿದ್ದರೆ ಆ ಮಗುವಿಗೆ ಮೊದಲ ಅವಕಾಶ. ರಾಜ್ಯದ ಪರೀಕ್ಷೆಯನ್ನು ಎಲ್ಲರ ಹಾಗೆ ಬರೆಸಲೇಬೇಕು. ಇಷ್ಟರ ಮಟ್ಟಿಗೆ ಅದು ಸರ್ಕಾರಿ ಶಾಲೆಯೇ. ಆದರೆ ಅದನ್ನು ನಡೆಸುವುದು ಊರಿನವರು ಓಟು ಹಾಕಿ ಆರಿಸಿದ ಸ್ಕೂಲ್ ಬೋರ್ಡ್ ಅಲ್ಲ, ಒಂದು ಸಂಸ್ಥೆ. ಆ ಸಂಸ್ಥೆ ‘ಇಂತಿಂಥ ರೀತಿ ಪಾಠ ಮಾಡುತ್ತೇವೆ, ಇಷ್ಟು ಫಲಿತಾಂಶ ತೋರಿಸುತ್ತೇವೆ’ ಅಂತ ಸರ್ಕಾರದ ಜೊತೆ ಒಂದು ಕರಾರು ಮಾಡಿಕೊಂಡಿರುತ್ತದೆ. ಆ ಕರಾರಿಗೇ ಚಾರ್ಟರ್ ಅಂತ ಹೆಸರು. ಅರಿಜೋನಾದಲ್ಲಿ ಅದು ಸಾಮಾನ್ಯವಾಗಿ 15 ವರ್ಷಕ್ಕೆ ಇರುತ್ತದೆ.

ನಮ್ಮ ಅನುದಾನಿತ ಶಾಲೆಗೂ ಇದಕ್ಕೂ ಹೋಲಿಕೆ ಇದೆ, ಆದರೆ ದುಡ್ಡು ಬರುವ ದಾರಿ ಬೇರೆ. ಅನುದಾನಿತದಲ್ಲಿ ಸರ್ಕಾರ ಮಂಜೂರಾದ ಹುದ್ದೆಗೆ ಸಂಬಳ ಕೊಡುತ್ತದೆ, ಅಲ್ವಾ? ಮೇಷ್ಟ್ರ ಹೆಸರು ಇಲಾಖೆಯ ಪುಸ್ತಕದಲ್ಲಿ ಇರುತ್ತದೆ. ಚಾರ್ಟರ್‌ನಲ್ಲಿ ಹುದ್ದೆ ಲೆಕ್ಕವೇ ಇಲ್ಲ. ಒಂದು ಮಗುವಿಗೆ ಇಷ್ಟು ಅಂತ ದುಡ್ಡು. ಮಗು ಯಾವ ಶಾಲೆಗೆ ಹೋಯಿತೋ ಆ ದುಡ್ಡೂ ಅಲ್ಲಿಗೆ. ಟೀಚರ್ ಆ ಸಂಸ್ಥೆಯ ನೌಕರ, ಸಂಬಳವೂ ಸಂಸ್ಥೆ ಹೇಳಿದಷ್ಟು. ಅರಿಜೋನಾದಲ್ಲಿ ಚಾರ್ಟರ್ ಟೀಚರಿಗೆ ರಾಜ್ಯದ ಟೀಚಿಂಗ್ ಸರ್ಟಿಫಿಕೇಟ್ ಇರಲೇಬೇಕು ಅಂತಲೂ ಇಲ್ಲ. ವಿಶೇಷ ಶಿಕ್ಷಣದ ಟೀಚರಿಗೆ ಮಾತ್ರ ಬೇಕು. ಮಾವನವರಿಗೆ ಹೀಗೆ ಹೇಳಿ: ದುಡ್ಡು ಸರ್ಕಾರದ್ದು, ಆಡಳಿತ ಸಂಸ್ಥೆಯದು, ಲೆಕ್ಕ ಮಗುವಿನ ತಲೆಯ ಮೇಲೆ.

ಇಂಥ ಚಾರ್ಟರ್ ಶಾಲೆ ಬೇಕು ಅಂತ ಮೊದಲು ಬಲವಾಗಿ ಹೇಳಿದವರಲ್ಲಿ ಒಬ್ಬರು ಟೀಚರುಗಳ ಸಂಘದ ನಾಯಕ ಅಂದರೆ ಎಷ್ಟೋ ಜನಕ್ಕೆ ಆಶ್ಚರ್ಯವಾಗುತ್ತದೆ. ಆಲ್ಬರ್ಟ್ ಶಾಂಕರ್ ಅಂತ, ಅಮೆರಿಕದ ಎರಡು ದೊಡ್ಡ ಶಿಕ್ಷಕರ ಸಂಘಗಳಲ್ಲಿ ಒಂದರ ಅಧ್ಯಕ್ಷರು. 1988ರಲ್ಲಿ ಅವರು ಹೇಳಿದ್ದು ಇಷ್ಟು: ನಾಲ್ಕಾರು ಟೀಚರುಗಳು ಸೇರಿ ಒಂದು ಸಣ್ಣ ಶಾಲೆ ಮಾಡಲಿ, ಈಗಿರುವ ಪದ್ಧತಿಯಲ್ಲಿ ಕಲಿಯಲಾಗದೆ ಹಿಂದೆ ಬಿದ್ದ ಮಕ್ಕಳಿಗೆ ಹೊಸ ದಾರಿ ಹುಡುಕಲಿ, ಸಿಕ್ಕಿದ್ದನ್ನು ಉಳಿದ ಶಾಲೆಗಳಿಗೆ ಹೇಳಿಕೊಡಲಿ. 1991ರಲ್ಲಿ ಮಿನ್ನೆಸೋಟಾ ಮೊದಲ ಕಾನೂನು ಮಾಡಿತು, ಮರುವರ್ಷ ಸೇಂಟ್ ಪಾಲ್ ಊರಿನಲ್ಲಿ ಮೊದಲ ಶಾಲೆ ತೆರೆಯಿತು. ಶಾಲೆ ಬಿಟ್ಟ ಹುಡುಗರಿಗಾಗಿ ತೆರೆದ ಶಾಲೆ ಅದು. ಕೆಲವೇ ವರ್ಷದಲ್ಲಿ ಲಾಭದ ಕಂಪನಿಗಳು ಒಳಗೆ ಬಂದವು, ಶಾಂಕರ್ ತಾವೇ ಇದರ ಟೀಕಾಕಾರರಾದರು. ಅರಿಜೋನಾ ಕಾನೂನು ಮಾಡಿದ್ದು 1994ರಲ್ಲಿ, ಅದೂ ತುಂಬಾ ಸಡಿಲವಾದ ಕಾನೂನು. ಇಡೀ ದೇಶದಲ್ಲಿ ಸರ್ಕಾರಿ ದುಡ್ಡಿನಲ್ಲಿ ಓದುವ ಮಕ್ಕಳಲ್ಲಿ ಸುಮಾರು 7% ಚಾರ್ಟರ್‌ನಲ್ಲಿ ಇದ್ದರೆ, ನಿಮ್ಮ ರಾಜ್ಯದಲ್ಲಿ ಹೆಚ್ಚುಕಡಿಮೆ ಐದರಲ್ಲಿ ಒಂದು ಮಗು ಅಲ್ಲಿ ಓದುತ್ತಿದೆ. ನಿಮ್ಮ ಬೀದಿಯಲ್ಲೇ ಇಷ್ಟು ಜಗಳ ಯಾಕೆ ಅಂತ ಇದರಿಂದ ಗೊತ್ತಾಗುತ್ತದೆ.

ಸರಿ, ಚಾರ್ಟರ್ ಶಾಲೆ ಚೆನ್ನಾಗಿರುತ್ತಾ? ಹೀಗೆ ಕೇಳಿದರೆ ಉತ್ತರ ಸಿಗುವುದಿಲ್ಲ. ಹೋಟೆಲ್ ಊಟ ಚೆನ್ನಾಗಿರುತ್ತಾ ಅಂತ ಕೇಳಿದ ಹಾಗೆ. ಯಾವ ಹೋಟೆಲ್ಲು? ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ರೆಡೋ ಅನ್ನುವ ಕೇಂದ್ರ 2009ರಲ್ಲಿ ದೊಡ್ಡ ಅಧ್ಯಯನ ಮಾಡಿತು. ಗಣಿತದಲ್ಲಿ 17% ಚಾರ್ಟರ್‌ಗಳು ಡಿಸ್ಟ್ರಿಕ್ಟ್ ಶಾಲೆಗಿಂತ ಮುಂದಿದ್ದವು, 37% ಹಿಂದಿದ್ದವು, ಉಳಿದವುಗಳಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ವಿರೋಧಿಗಳು ವರ್ಷಗಟ್ಟಲೆ ಇದನ್ನೇ ಹಿಡಿದುಕೊಂಡು ವಾದಿಸಿದರು. ಅದೇ ಕೇಂದ್ರ 2023ರಲ್ಲಿ ಮತ್ತೆ ನೋಡಿದಾಗ ಸರಾಸರಿ ಚಾರ್ಟರ್ ಮಗು ಒಂದು ವರ್ಷದಲ್ಲಿ ಓದಿನಲ್ಲಿ 16 ದಿನದಷ್ಟು, ಗಣಿತದಲ್ಲಿ 6 ದಿನದಷ್ಟು ಜಾಸ್ತಿ ಕಲಿಯುತ್ತಿದೆ ಅಂತ ಬಂತು. ಈಗ ಪರವಾಗಿರುವವರು ಅದನ್ನು ಹಿಡಿದುಕೊಂಡಿದ್ದಾರೆ. ಶಾಲಾ ವರ್ಷ ಸುಮಾರು 180 ದಿನ ಇರುತ್ತದೆ, ಅದರಲ್ಲಿ 6 ದಿನ ಎಷ್ಟು ಅಂತ ನೀವೇ ಅಂದಾಜು ಮಾಡಿ. ಅದೇ ವರದಿಯಲ್ಲಿ ಆನ್‌ಲೈನ್ ಚಾರ್ಟರ್‌ಗಳ ಮಕ್ಕಳು ಓದಿನಲ್ಲಿ 58 ದಿನ, ಗಣಿತದಲ್ಲಿ 124 ದಿನ ಹಿಂದೆ ಬಿದ್ದಿದ್ದರು. ಯಾರಾದರೂ ನಿಮಗೆ ಆನ್‌ಲೈನ್ ಚಾರ್ಟರ್ ಸೂಚಿಸಿದರೆ ಯೋಚನೆ ಮಾಡುವುದೂ ಬೇಡ.

ನಾನು ಜಾಸ್ತಿ ನಂಬುವುದು ಲಾಟರಿ ಅಧ್ಯಯನಗಳನ್ನು. ಅರ್ಜಿ ಹಾಕಿ ಸೀಟು ಬಂದವರು ಮತ್ತು ಅರ್ಜಿ ಹಾಕಿಯೂ ಬರದವರು, ಎರಡೂ ಮನೆಗಳಲ್ಲಿ ಮಗುವಿನ ಬಗ್ಗೆ ಕಾಳಜಿ ಒಂದೇ ಥರ ಇರುತ್ತದೆ, ಅದೃಷ್ಟ ಮಾತ್ರ ಬೇರೆ, ಹಾಗಾಗಿ ಮುಂದೆ ಕಾಣುವ ವ್ಯತ್ಯಾಸ ಶಾಲೆಯಿಂದಲೇ ಬಂದದ್ದು ಅಂತ ಧೈರ್ಯವಾಗಿ ಹೇಳಬಹುದು. 2021ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಹಂಚಿಕೊಂಡ ಜೋಶುವಾ ಆಂಗ್ರಿಸ್ಟ್ ಮತ್ತು ಅವರ ಜೊತೆಗಾರರು ಬಾಸ್ಟನ್‌ನಲ್ಲಿ ಈ ಕೆಲಸ ಮಾಡಿದರು. ಅಲ್ಲಿನ ಚಾರ್ಟರ್‌ಗಳಲ್ಲಿ ಬಡ ಮಕ್ಕಳು, ಕಪ್ಪು ಜನಾಂಗದ ಮಕ್ಕಳು ಗಣಿತದಲ್ಲಿ ನಿಜಕ್ಕೂ ದೊಡ್ಡ ಹೆಜ್ಜೆ ಇಟ್ಟಿದ್ದರು. ಇದು ಸಣ್ಣ ಸಂಗತಿ ಅಲ್ಲ. ಚಾರ್ಟರ್ ಅಂದರೆ ಬರೀ ಮೋಸ ಅನ್ನುವವರು ಈ ಮಕ್ಕಳ ಮುಖ ನೋಡಿ ಆ ಮಾತು ಹೇಳಬೇಕು.

ಆದರೆ ನಿಮ್ಮ ಮನೆಗೆ ಹತ್ತಿರವಾದ ಅಧ್ಯಯನ ಇನ್ನೊಂದು. ಅಮೆರಿಕದ ಶಿಕ್ಷಣ ಇಲಾಖೆ 15 ರಾಜ್ಯಗಳ 36 ಚಾರ್ಟರ್ ಮಿಡ್ಲ್ ಸ್ಕೂಲುಗಳ ಲಾಟರಿ ಹಿಡಿದು ನೋಡಿಸಿತ್ತು, ವರದಿ ಬಂದಿದ್ದು 2010ರಲ್ಲಿ. ಸರಾಸರಿಯಲ್ಲಿ ಲಾಭವೂ ಇಲ್ಲ, ನಷ್ಟವೂ ಇಲ್ಲ. ಒಳಗೆ ಬಿಡಿಸಿ ನೋಡಿದಾಗ ಕಡಿಮೆ ಆದಾಯದ ಮನೆಯ, ಮೊದಲೇ ಹಿಂದಿದ್ದ ಮಕ್ಕಳಿಗೆ ಗಣಿತದಲ್ಲಿ ಅನುಕೂಲವಾಗಿತ್ತು. ಅನುಕೂಲಸ್ಥರ, ಮೊದಲೇ ಚೆನ್ನಾಗಿ ಓದುತ್ತಿದ್ದ ಮಕ್ಕಳು ಗಣಿತದಲ್ಲಿ ಸ್ವಲ್ಪ ಹಿಂದೆಯೇ ಬಿದ್ದಿದ್ದರು. ಕಾರಣ ಊಹಿಸುವುದು ಕಷ್ಟವಲ್ಲ. ಆ ಮಕ್ಕಳು ಬಿಟ್ಟುಬಂದ ಶಾಲೆಗಳೇ ಚೆನ್ನಾಗಿದ್ದವು. ನಿಮ್ಮ ಚಾಂಡ್ಲರ್‌ನ ಡಿಸ್ಟ್ರಿಕ್ಟ್ ಶಾಲೆಗಳೂ ಬಾಸ್ಟನ್‌ನ ಬಡ ಬಡಾವಣೆಯ ಶಾಲೆಗಳ ಥರ ಇಲ್ಲ. ಗೆಳತಿಯರು ‘ಚಾರ್ಟರ್ ಮಕ್ಕಳು ಮುಂದೆ ಇದ್ದಾರೆ’ ಅನ್ನುವಾಗ, ಯಾವುದಕ್ಕಿಂತ ಮುಂದೆ ಅಂತ ಕೇಳಬೇಕು.

ಈಗ ನನಗೆ ಮುಖ್ಯ ಅನಿಸುವ ವಿಷಯಕ್ಕೆ ಬರುತ್ತೇನೆ. ಶಾಲೆಯವರು ತೋರಿಸುವ ಪುಸ್ತಿಕೆಯಲ್ಲಿ ಕೊನೆವರೆಗೂ ಅಲ್ಲೇ ಉಳಿದ ಮಕ್ಕಳ ಅಂಕ ಇರುತ್ತದೆ. ನೀವು ಬಿಟ್ಟುಹೋದ ಮಕ್ಕಳ ಲೆಕ್ಕ ಕೇಳಿ.

ಒಂದು ಉದಾಹರಣೆ ಹಾಕಿಕೊಳ್ಳೋಣ. ಐದನೇ ತರಗತಿಯಲ್ಲಿ 120 ಮಕ್ಕಳು ಸೇರಿದರು. ವರ್ಷ ವರ್ಷ ಹತ್ತು ಹದಿನೈದು ಮಕ್ಕಳು ‘ಆಗ್ತಾ ಇಲ್ಲ’ ಅಂತ ಬಿಟ್ಟರು. ಖಾಲಿಯಾದ ಸೀಟಿಗೆ ಶಾಲೆ ಹೊಸಬರನ್ನು ತಗೊಳ್ಳಲಿಲ್ಲ. ಹನ್ನೆರಡನೇ ತರಗತಿಗೆ ಬಂದಾಗ ಉಳಿದವರು 40. ಆ 40 ಮಕ್ಕಳ ಅಂಕ ಅದ್ಭುತವಾಗಿಯೇ ಇರುತ್ತದೆ. ಯು.ಎಸ್. ನ್ಯೂಸ್ ಪತ್ರಿಕೆಯ ಹೈಸ್ಕೂಲ್ ಪಟ್ಟಿಯಲ್ಲಿ ದೊಡ್ಡ ತೂಕ ಇರುವುದು ಹನ್ನೆರಡನೇ ತರಗತಿಯ ಮಕ್ಕಳಲ್ಲಿ ಎಷ್ಟು ಜನ ಎ.ಪಿ. ಅನ್ನುವ ಕಾಲೇಜು ಮಟ್ಟದ ಪರೀಕ್ಷೆ ಬರೆದು ಪಾಸಾದರು ಅನ್ನುವುದಕ್ಕೆ. ಎಂಟನೇ ತರಗತಿಯಲ್ಲಿ ಅಳುತ್ತಾ ಬಿಟ್ಟುಹೋದ ಮಗು ಆ ಲೆಕ್ಕದಲ್ಲಿ ಬರುವುದೇ ಇಲ್ಲ. ಡಿಸ್ಟ್ರಿಕ್ಟ್ ಶಾಲೆಗೆ ಈ ಸೌಕರ್ಯ ಇಲ್ಲ. ಅದರ ಗಡಿಯೊಳಗೆ ಮನೆ ಇರುವ ಮಗು ಫೆಬ್ರವರಿಯಲ್ಲಿ ಬಂದು ನಿಂತರೂ ಸೇರಿಸಿಕೊಳ್ಳಲೇಬೇಕು, ಇಂಗ್ಲಿಷ್ ಬರದಿದ್ದರೂ, ಎರಡು ವರ್ಷ ಹಿಂದಿದ್ದರೂ.

ಪ್ರವೇಶ ಪರೀಕ್ಷೆ ಇಲ್ಲದೆಯೂ ಆಯ್ಕೆ ನಡೆಯುತ್ತದೆ. ಎಷ್ಟೋ ಚಾರ್ಟರ್‌ಗಳಲ್ಲಿ ಬಸ್ ಇಲ್ಲ. ದಿನಕ್ಕೆ ಎರಡು ಸಲ ಕಾರಿನಲ್ಲಿ ಬಿಟ್ಟು ಕರೆತರುವ ಶಕ್ತಿ ಇದ್ದವರಷ್ಟೇ ಅರ್ಜಿ ಹಾಕುತ್ತಾರೆ. ಉಚಿತ ಊಟ ಇಲ್ಲದ ಕಡೆ ಆ ಊಟವನ್ನೇ ನಂಬಿದ ಮನೆಯವರು ಬರುವುದಿಲ್ಲ. ಕೆಲವು ಕಡೆ ವರ್ಷಕ್ಕೊಮ್ಮೆ ಪಾಲಕರಿಂದ ದೇಣಿಗೆ ಕೇಳುತ್ತಾರೆ. ಕಡ್ಡಾಯವಲ್ಲ ಅಂತ ಬರೆದಿರುತ್ತಾರೆ, ಆದರೂ ಕೊಡಲಾಗದವರಿಗೆ ಮುಜುಗರ ಆಗಿಯೇ ಆಗುತ್ತದೆ. ಲಾಟರಿ ಡಬ್ಬಿಗೆ ಚೀಟಿ ಬೀಳುವ ಮೊದಲೇ ಅರ್ಧ ಜರಡಿ ಹಿಡಿದಾಗಿರುತ್ತದೆ.

ನಾನು ಪಾಠ ಮಾಡಿದ ಒಂದು ಚಾರ್ಟರ್‌ನಲ್ಲಿ ಆರನೇ ತರಗತಿಗೆ ಒಬ್ಬ ಹುಡುಗ ಇದ್ದ. ಲೆಕ್ಕ ಬಾಯಲ್ಲೇ ಮಾಡುತ್ತಿದ್ದ, ಓದುವಾಗ ಅಕ್ಷರ ಒದ್ದಾಡಿಸುತ್ತಿತ್ತು. ಕಾನೂನಿನ ಪ್ರಕಾರ ಅವನಿಗೆ ಬೇಕಾದ ವಿಶೇಷ ನೆರವನ್ನು ಚಾರ್ಟರ್ ಶಾಲೆಯೂ ಕೊಡಲೇಬೇಕು. ಅವನ ತಾಯಿ ಕೇಳಿದರು. ಯಾರೂ ‘ಬಿಟ್ಟು ಹೋಗಿ’ ಅನ್ನಲಿಲ್ಲ. ಮೂರು ಮೀಟಿಂಗ್ ಆಯಿತು. ಪ್ರತಿ ಮೀಟಿಂಗಿನಲ್ಲೂ ತುಂಬಾ ನಯವಾಗಿ ‘ಇದು ನಿಮ್ಮ ಮಗನಿಗೆ ಸರಿಯಾದ ಜಾಗವೇ ಅಂತ ಯೋಚನೆ ಮಾಡಿ’ ಅಂದರು. ನಾಲ್ಕನೇ ಮೀಟಿಂಗಿಗೆ ಆ ತಾಯಿ ಬರಲಿಲ್ಲ. ಹುಡುಗ ಡಿಸ್ಟ್ರಿಕ್ಟ್ ಶಾಲೆಗೆ ಹೋದ. ಅರಿಜೋನಾದಲ್ಲಿ ಶಾಲೆಗೆ ಬರುವ ದುಡ್ಡನ್ನು ಮೊದಲ 100 ದಿನದ ದಾಖಲಾತಿಯ ಸರಾಸರಿ ನೋಡಿ ಲೆಕ್ಕ ಹಾಕುತ್ತಾರೆ. ಅವನು ಹೋಗಿದ್ದು ಅದಾದ ಮೇಲೆ. ಆ ವರ್ಷದ ಅವನ ದುಡ್ಡು ನಮ್ಮಲ್ಲೇ ಉಳಿಯಿತು, ಅವನನ್ನು ಓದಿಸುವ ಕೆಲಸ ಮಾತ್ರ ಅವರ ಹೆಗಲಿಗೆ ಹೋಯಿತು. ಆ ಮೀಟಿಂಗುಗಳಲ್ಲಿ ನಾನೂ ಕೂತಿದ್ದೆ, ಬಾಯಿ ಬಿಡಲಿಲ್ಲ. ಮರುವರ್ಷ ನಾನು ಆ ಶಾಲೆ ಬಿಟ್ಟೆ.

ಎಲ್ಲ ಚಾರ್ಟರ್‌ಗಳೂ ಹೀಗಲ್ಲ. ನಾನು ನೋಡಿದ ಇನ್ನೊಂದರಲ್ಲಿ ಪ್ರಿನ್ಸಿಪಾಲರು ವಾರಾಂತ್ಯದಲ್ಲಿ ಮಕ್ಕಳ ಮನೆಗೇ ಹೋಗಿ ಕೂರುತ್ತಿದ್ದರು. ಅದಕ್ಕೇ ನಾನು ಬೋರ್ಡಿನ ಮೇಲಿನ ಹೆಸರು ನೋಡಿ ತೀರ್ಮಾನ ಮಾಡುವುದಿಲ್ಲ, ಬಿಟ್ಟವರ ಸಂಖ್ಯೆ ನೋಡುತ್ತೇನೆ.

ಪಕ್ಕದ ಮನೆಯವರ ಮಾತಿಗೆ ಬರೋಣ. ಅವರು ಹೇಳಿದ್ದರಲ್ಲಿ ಸತ್ಯ ಇದೆ. 600 ಮಕ್ಕಳ ಶಾಲೆಯಿಂದ 30 ಮಕ್ಕಳು ಹೋದರು ಅಂದುಕೊಳ್ಳಿ. ಅವರೆಲ್ಲ ಒಂದೇ ಕ್ಲಾಸಿನವರಾಗಿದ್ದರೆ ಒಬ್ಬ ಟೀಚರ್ ಕಡಿಮೆ ಮಾಡಬಹುದಿತ್ತು. ಹಾಗಾಗುವುದಿಲ್ಲ. ಆ ಕ್ಲಾಸಿನಿಂದ ಇಬ್ಬರು, ಈ ಕ್ಲಾಸಿನಿಂದ ಮೂವರು ಹೋಗುತ್ತಾರೆ. ಟೀಚರ್ ಅಷ್ಟೇ ಬೇಕು, ಬಸ್ಸು ಅದೇ ರೂಟಿನಲ್ಲಿ ಓಡಬೇಕು, ಫೀನಿಕ್ಸ್ ಬಿಸಿಲಿಗೆ ಎ.ಸಿ. ಅಷ್ಟೇ ಹೊತ್ತು ಉರಿಯಬೇಕು. ಮೂವತ್ತು ಮಕ್ಕಳ ದುಡ್ಡು ಮಾತ್ರ ಇಲ್ಲ. ಆಗ ಮೊದಲು ಹೋಗುವುದು ಸಂಗೀತದ ಟೀಚರ್, ಲೈಬ್ರರಿಯವರು, ಕೌನ್ಸೆಲರ್. ಅದನ್ನು ನೋಡಿ ಇನ್ನಷ್ಟು ಮನೆಯವರು ಬಿಡುತ್ತಾರೆ. 2024ರಲ್ಲಿ ನಿಮ್ಮ ಫೀನಿಕ್ಸ್ ಪ್ರದೇಶದ ಪ್ಯಾರಡೈಸ್ ವ್ಯಾಲಿ ಸ್ಕೂಲ್ ಡಿಸ್ಟ್ರಿಕ್ಟ್ ಮೂರು ಶಾಲೆ ಮುಚ್ಚಲು ತೀರ್ಮಾನಿಸಿತು, ಅದೇ ವರ್ಷದ ಕೊನೆಗೆ ರೂಸ್‌ವೆಲ್ಟ್ ಡಿಸ್ಟ್ರಿಕ್ಟ್ ಐದು ಶಾಲೆ ಮುಚ್ಚುವುದಾಗಿ ಹೇಳಿತು.

ಆದರೆ ಈ ಮುಚ್ಚುವಿಕೆಯನ್ನೆಲ್ಲ ಚಾರ್ಟರ್ ತಲೆಗೆ ಕಟ್ಟುವುದು ತಪ್ಪು. ಹುಟ್ಟುವ ಮಕ್ಕಳೇ ಕಡಿಮೆಯಾಗಿದ್ದಾರೆ. ಹಳೇ ಬಡಾವಣೆಗಳಲ್ಲಿ ಮನೆ ಬೆಲೆ ಏರಿ ಚಿಕ್ಕ ಮಕ್ಕಳಿರುವ ಕುಟುಂಬಗಳು ದೂರ ಹೋಗಿವೆ. ಮೇಲಿಂದ 2022ರಲ್ಲಿ ಅರಿಜೋನಾ ಖಾಸಗಿ ಶಾಲೆಯ ಫೀಸಿಗೂ ಸರ್ಕಾರದ ದುಡ್ಡು ಬಳಸಬಹುದಾದ ಯೋಜನೆಯನ್ನು ಎಲ್ಲ ಮಕ್ಕಳಿಗೂ ತೆರೆದಿಟ್ಟಿತು. ಎಲ್ಲ ಸೇರಿ ಹೊಡೆತ ಬಿದ್ದಿದೆ. ಇನ್ನೊಂದು ಮಾತು: ಡಿಸ್ಟ್ರಿಕ್ಟ್‌ಗಳು ಊರಿನವರ ಓಟು ಪಡೆದು ಆಸ್ತಿ ತೆರಿಗೆಯಿಂದ ಕಟ್ಟಡಕ್ಕೂ ಖರ್ಚಿಗೂ ಹೆಚ್ಚುವರಿ ದುಡ್ಡು ಎತ್ತಬಹುದು, ಚಾರ್ಟರ್‌ಗೆ ಆ ದಾರಿ ಇಲ್ಲ. ಅದಕ್ಕೆ ಬದಲಾಗಿ ರಾಜ್ಯ ಮಗುವಿನ ಲೆಕ್ಕದಲ್ಲಿ ಸ್ವಲ್ಪ ಜಾಸ್ತಿ ಕೊಡುತ್ತದೆ. ‘ಅವರಿಗೆ ಜಾಸ್ತಿ ಸಿಗುತ್ತೆ’ ಅಂತ ಎರಡೂ ಕಡೆಯವರು ಹೇಳುವುದು ಇದರಿಂದಲೇ.

ಮ್ಯಾಸಚೂಸೆಟ್ಸ್‌ನಲ್ಲಿ 2016ರಲ್ಲಿ ಇದೇ ಪ್ರಶ್ನೆ ಜನರ ಮುಂದೆ ಬಂದಿತ್ತು. ನಾನು ಮೇಲೆ ಹೇಳಿದ ಬಾಸ್ಟನ್ ಶಾಲೆಗಳಿರುವ ರಾಜ್ಯವೇ ಅದು, ಫಲಿತಾಂಶ ಕಣ್ಣ ಮುಂದೆಯೇ ಇತ್ತು. ಆದರೂ ಚಾರ್ಟರ್ ಸಂಖ್ಯೆ ಹೆಚ್ಚಿಸುವ ಪ್ರಸ್ತಾಪಕ್ಕೆ ಸುಮಾರು 62% ಜನ ಬೇಡ ಅಂದರು. ನಮ್ಮೂರ ಶಾಲೆಯ ಗತಿ ಏನು ಅನ್ನುವ ಚಿಂತೆಯೇ ಅಲ್ಲಿ ಗೆದ್ದಿದ್ದು. ನಮ್ಮ ಕರ್ನಾಟಕದಲ್ಲೂ ಇದೇ ಚಿಂತೆ ಬೇರೆ ರೂಪದಲ್ಲಿ ಬಂತು, ನಿಮ್ಮ ಮಾವನವರಿಗೆ ನೆನಪಿರಬಹುದು. ಆರ್‌ಟಿಇ ಅಡಿಯಲ್ಲಿ ಖಾಸಗಿ ಶಾಲೆಯ 25% ಸೀಟಿಗೆ ಸರ್ಕಾರವೇ ದುಡ್ಡು ಕಟ್ಟುತ್ತಿತ್ತು, ಅತ್ತ ಸರ್ಕಾರಿ ಶಾಲೆ ಖಾಲಿಯಾಗುತ್ತಿತ್ತು. 2019-20ರಿಂದ ನಿಯಮ ಬದಲಾಯಿಸಿ, ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿಯಲ್ಲಿ ಆ ಸೀಟು ಇಲ್ಲ ಅಂತ ಮಾಡಿದರು. ಸರ್ಕಾರಿ ಶಾಲೆ ಉಳಿಯಬೇಕು ಅನ್ನುವವರು ಒಪ್ಪಿದರು. ಒಂದು ಒಳ್ಳೆ ಶಾಲೆಯ ಬಾಗಿಲು ತೆರೆಯಿತು ಅಂದುಕೊಂಡಿದ್ದ ಬಡ ತಾಯಂದಿರು ಅತ್ತರು. ಎರಡೂ ನಿಜ.

ನ್ಯೂ ಆರ್ಲಿಯನ್ಸ್‌ನಲ್ಲಿ ಈ ಪ್ರಯೋಗ ತುದಿ ಮುಟ್ಟಿತು. 2005ರ ಕತ್ರಿನಾ ಚಂಡಮಾರುತದ ನಂತರ ರಾಜ್ಯ ಸರ್ಕಾರ ಹೆಚ್ಚಿನ ಶಾಲೆಗಳನ್ನು ವಶಕ್ಕೆ ತಗೊಂಡು ಒಂದೊಂದಾಗಿ ಚಾರ್ಟರ್ ಮಾಡಿತು. 7,000ಕ್ಕೂ ಹೆಚ್ಚು ನೌಕರರ ಕೆಲಸ ಹೋಯಿತು, ಅವರಲ್ಲಿ ಬಹುಪಾಲು ಕಪ್ಪು ಜನಾಂಗದವರು, ಊರಿನ ಮಧ್ಯಮ ವರ್ಗದ ಬೆನ್ನೆಲುಬು. ಅಂಕಗಳು ಏರಿದವು, ಕಾಲೇಜಿಗೆ ಹೋಗುವವರು ಹೆಚ್ಚಿದರು, ಇದನ್ನು ಸಂಶೋಧಕರು ಒಪ್ಪುತ್ತಾರೆ. ಆದರೆ ಮನೆ ಪಕ್ಕದ ಶಾಲೆ ಅನ್ನುವುದು ಇಲ್ಲವಾಗಿ ಪುಟ್ಟ ಮಕ್ಕಳು ಕತ್ತಲಲ್ಲೇ ಎದ್ದು ಊರಿನ ಇನ್ನೊಂದು ತುದಿಗೆ ಬಸ್ಸು ಹಿಡಿಯುವ ಹಾಗಾಯಿತು. 2024ರಲ್ಲಿ ಅಲ್ಲಿನ ಡಿಸ್ಟ್ರಿಕ್ಟ್ ಮತ್ತೆ ತಾನೇ ನಡೆಸುವ ಒಂದು ಶಾಲೆ ತೆರೆಯಿತು, ಲಿಯಾ ಚೇಸ್ ಶಾಲೆ ಅಂತ.

ದುಡ್ಡಿನ ಇನ್ನೊಂದು ವಿಷಯ ಹೇಳದಿದ್ದರೆ ತಪ್ಪಾಗುತ್ತದೆ. ಅರಿಜೋನಾದಲ್ಲಿ ಹೆಚ್ಚಿನ ಚಾರ್ಟರ್‌ಗಳಿಗೆ ಸರ್ಕಾರಿ ಖರೀದಿಯ ಟೆಂಡರ್ ನಿಯಮಗಳಿಂದ ವಿನಾಯಿತಿ ಇದೆ. ಹಾಗಾಗಿ ಶಾಲೆ ನಡೆಸುವವರದೇ ಇನ್ನೊಂದು ಕಂಪನಿ ಕಟ್ಟಡದ ಮಾಲೀಕನಾಗಿ ಶಾಲೆಯಿಂದ ಬಾಡಿಗೆ ತಗೊಳ್ಳುವುದು, ಅವರದೇ ಕಂಪನಿ ಪುಸ್ತಕ, ಸಾಫ್ಟ್‌ವೇರ್ ಮಾರುವುದು ನಡೆಯುತ್ತದೆ. ಎಲ್ಲವೂ ಕಾನೂನಿನ ಒಳಗೇ ಇರಬಹುದು, ಆದರೂ ಅದು ಮಕ್ಕಳ ದುಡ್ಡು. 2018ರ ಜನವರಿಯಲ್ಲಿ ಗುಡ್‌ಇಯರ್ ಊರಿನ ಒಂದು ಚಾರ್ಟರ್ ವರ್ಷದ ನಡುವೆಯೇ ಬಾಗಿಲು ಹಾಕಿತು. ಅದೇ ತಿಂಗಳು ಒಹಾಯೋದಲ್ಲಿ ಎಕಾಟ್ ಅನ್ನುವ ದೊಡ್ಡ ಆನ್‌ಲೈನ್ ಚಾರ್ಟರ್ ಮುಚ್ಚಿ ಸುಮಾರು 12,000 ಮಕ್ಕಳು ಬೇರೆ ಶಾಲೆ ಹುಡುಕಬೇಕಾಯಿತು. ಓದದ ಮಕ್ಕಳ ಲೆಕ್ಕ ತೋರಿಸಿ ದುಡ್ಡು ಪಡೆದಿದ್ದಕ್ಕೆ ರಾಜ್ಯ ಅದರಿಂದ ಕೋಟ್ಯಂತರ ಡಾಲರ್ ವಾಪಸ್ ಕೇಳಿತ್ತು.

ಹಾಗಾದರೆ ನೀವೇನು ಮಾಡಬೇಕು? ನಾನು ನಿಮ್ಮ ಜಾಗದಲ್ಲಿದ್ದರೆ ಈ ವರ್ಷ ಸೀಟು ಬಿಡುತ್ತಿದ್ದೆ. ಮಗಳು ಖುಷಿಯಾಗಿದ್ದಾಳೆ, ಶಾಲೆ ಚೆನ್ನಾಗಿದೆ, ನಡೆದು ಹೋಗುವಷ್ಟು ಹತ್ತಿರ ಇದೆ ಅನಿಸುತ್ತದೆ, ಅವಳಂಥ ಮಕ್ಕಳಿಗೆ ಚಾರ್ಟರ್‌ನಿಂದ ದೊಡ್ಡ ಲಾಭ ಆದ ಸಾಕ್ಷ್ಯ ನನಗೆ ಕಂಡಿಲ್ಲ. ಒಂದೇ ಒಂದು ಸಂದರ್ಭದಲ್ಲಿ ನನ್ನ ಮಾತು ಬದಲಾಗುತ್ತದೆ. ಅವಳು ಗಣಿತದಲ್ಲೋ ಓದಿನಲ್ಲೋ ಕ್ಲಾಸಿಗಿಂತ ತುಂಬಾ ಮುಂದಿದ್ದು, ಕೂತು ಕೂತು ಬೇಜಾರಾಗುತ್ತಿದೆ ಅಂತ ಅವಳೇ ಹೇಳುತ್ತಿದ್ದರೆ, ಟೀಚರ್ ಹತ್ತಿರ ಕೇಳಿದರೂ ದಾರಿ ಸಿಗದಿದ್ದರೆ, ಆಗ ಚಾರ್ಟರ್ ನೋಡಿ. ಅದಕ್ಕೂ ಮೊದಲು ನಿಮ್ಮ ಡಿಸ್ಟ್ರಿಕ್ಟಿನಲ್ಲೇ ಇರುವ, ತುಂಬಾ ಮುಂದಿರುವ ಮಕ್ಕಳಿಗಾಗಿ ನಡೆಸುವ ಗಿಫ್ಟೆಡ್ ಕಾರ್ಯಕ್ರಮ ಮತ್ತು ಚಾಂಡ್ಲರ್ ಟ್ರೆಡಿಷನಲ್ ಅಕಾಡೆಮಿ ಶಾಲೆಗಳನ್ನು ನೋಡಿಬನ್ನಿ. ಅರಿಜೋನಾದಲ್ಲಿ ಜಾಗ ಇದ್ದರೆ ಬೇರೆ ಬಡಾವಣೆಯ ಡಿಸ್ಟ್ರಿಕ್ಟ್ ಶಾಲೆಗೂ ಸೇರಬಹುದು. ಇಷ್ಟೆಲ್ಲ ಇದ್ದೂ ಜನ ಚಾರ್ಟರ್ ಹೆಸರು ಮಾತ್ರ ಹೇಳುತ್ತಾರೆ.

ಸೀಟು ತಗೊಳ್ಳುವ ಮನಸ್ಸೇ ಇದ್ದರೆ ಮೊದಲು ಒಂದು ಕೆಲಸ ಮಾಡಿ. ರಾಜ್ಯದ ಶಿಕ್ಷಣ ಇಲಾಖೆ ಪ್ರತಿ ವರ್ಷ ಅಕ್ಟೋಬರ್ 1ರ ದಾಖಲಾತಿಯನ್ನು ಶಾಲೆವಾರು, ತರಗತಿವಾರು ಪ್ರಕಟಿಸುತ್ತದೆ. ಐದು ವರ್ಷದ ಹಿಂದೆ ಐದನೇ ತರಗತಿಯಲ್ಲಿ ಎಷ್ಟು ಮಕ್ಕಳಿದ್ದರು, ಮರುವರ್ಷ ಆರರಲ್ಲಿ ಎಷ್ಟು, ಆಮೇಲೆ ಏಳರಲ್ಲಿ ಎಷ್ಟು ಅಂತ ಇಳಿಜಾರಿನ ಗೆರೆಯಲ್ಲಿ ನೋಡುತ್ತಾ ಬನ್ನಿ. ಅರ್ಧ ಗಂಟೆಯ ಕೆಲಸ. ಸಂಖ್ಯೆ ಪ್ರತಿ ವರ್ಷ ಕುಸಿಯುತ್ತಿದ್ದರೆ ಶಾಲೆಗೆ ಫೋನ್ ಮಾಡಿ, ಖಾಲಿ ಸೀಟಿಗೆ ಹೊಸ ಮಕ್ಕಳನ್ನು ಯಾವ ತರಗತಿಯವರೆಗೆ ತಗೊಳ್ಳುತ್ತೀರಿ, ಪಾಸಾಗದ ಮಗುವನ್ನು ಅದೇ ತರಗತಿಯಲ್ಲಿ ಉಳಿಸುತ್ತೀರಾ, ಕಳೆದ ವರ್ಷ ಎಷ್ಟು ಟೀಚರ್ ಬಿಟ್ಟರು ಅಂತ ಕೇಳಿ. ಉತ್ತರವನ್ನು ಇಮೇಲಿನಲ್ಲಿ ತಗೊಳ್ಳಿ. ಚೆನ್ನಾಗಿ ನಡೆಯುವ ಶಾಲೆಯವರು ಈ ಪ್ರಶ್ನೆಗಳಿಗೆ ಬೇಸರ ಮಾಡಿಕೊಳ್ಳುವುದಿಲ್ಲ, ನನ್ನ ಅನುಭವದಲ್ಲಿ ಖುಷಿಯಿಂದಲೇ ಹೇಳುತ್ತಾರೆ.

ಪಕ್ಕದ ಮನೆಯವರ ಮಾತಿನಿಂದ ನಿಮಗೆ ನೋವಾಗಿದೆ ಅಂತ ಪತ್ರ ಓದಿದರೆ ಗೊತ್ತಾಗುತ್ತದೆ. ಒಂದು ರಾಜ್ಯದ ಶಾಲಾ ನೀತಿಯ ಭಾರವನ್ನು ಒಬ್ಬ ತಾಯಿ ತನ್ನ ಮಗುವಿನ ಸೀಟಿನ ಮೇಲೆ ಹೊರಬೇಕಾಗಿಲ್ಲ. ನೀವು ಯಾವ ಶಾಲೆ ಆರಿಸಿದರೂ ನಿಮ್ಮದು ತಪ್ಪಲ್ಲ. ಆದರೆ ಅವರ ಚಿಂತೆಯನ್ನು ಪಕ್ಕಕ್ಕೆ ತಳ್ಳಲೂ ಬೇಡಿ. ವೀಸಾದ ಮೇಲೆ ಇರುವವರಿಗೆ ಸ್ಕೂಲ್ ಬೋರ್ಡ್ ಚುನಾವಣೆಯಲ್ಲಿ ಓಟು ಇಲ್ಲ, ಸಭೆಗೆ ಹೋಗಿ ಮಾತಾಡಲು ಮಾತ್ರ ಯಾರೂ ಅಡ್ಡಿ ಮಾಡುವುದಿಲ್ಲ. ಡಿಸ್ಟ್ರಿಕ್ಟ್ ಬೋರ್ಡಿನ ಸಭೆಯಲ್ಲಿ ನಮ್ಮ ಜನ ಕಾಣುವುದೇ ಅಪರೂಪ, ನನಗೆ ಇದು ಬಹಳ ವರ್ಷದ ಕೊರಗು. ಚಾರ್ಟರ್ ಶಾಲೆಯ ಮಂಡಳಿ ಸಭೆಯೂ ರಾಜ್ಯದ ಕಾನೂನಿನ ಪ್ರಕಾರ ಬಹಿರಂಗವಾಗಿಯೇ ನಡೆಯಬೇಕು, ಅಲ್ಲಿಗೂ ಹೋಗಿ ಕೂರಬಹುದು. ಸಾಧ್ಯವಾದರೆ ಪಕ್ಕದ ಮನೆಯವರನ್ನೇ ಜೊತೆಗೆ ಕರೆದುಕೊಂಡು ಹೋಗಿ.

ಇನ್ನೊಂದು. ಮಗಳನ್ನು ಒಂದು ದಿನ ಆ ಶಾಲೆಯ ತರಗತಿಯಲ್ಲಿ ಕೂರಿಸಲು ಬಿಡುತ್ತಾರಾ ಅಂತ ಕೇಳಿ, ಕೆಲವು ಕಡೆ ಬಿಡುತ್ತಾರೆ. ಮನೆಗೆ ಬಂದ ಮೇಲೆ ಪಾಠದ ಬಗ್ಗೆ ಕೇಳಬೇಡಿ, ಊಟದ ಹೊತ್ತಿನಲ್ಲಿ ಯಾರ ಜೊತೆ ಕೂತಿದ್ದೆ ಅಂತ ಕೇಳಿ. ಸೀಟು ಒಪ್ಪಿಕೊಂಡು ಆಮೇಲೆ ಹೊಂದಿಕೆಯಾಗದಿದ್ದರೂ ನಿಮ್ಮ ಮನೆ ಹತ್ತಿರದ ಡಿಸ್ಟ್ರಿಕ್ಟ್ ಶಾಲೆ ಅವಳನ್ನು ಯಾವಾಗ ಬೇಕಾದರೂ ವಾಪಸ್ ಸೇರಿಸಿಕೊಳ್ಳುತ್ತದೆ. ಚಾರ್ಟರ್ ಸೀಟು ಬಿಟ್ಟರೆ ಮಾತ್ರ ಮತ್ತೆ ಲಾಟರಿಯೇ.